ರೋಲರ್ ಮೇಲೆ ಹತ್ತಿಸುವ ಮುನ್ನ: ಆಲ್ ವೀಲ್ ಡ್ರೈವ್ ಕಾರುಗಳ ಬ್ರೇಕ್ ಪರೀಕ್ಷೆಗೆ ಸಮಗ್ರ ಮಾರ್ಗದರ್ಶಿ

ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದ ಆಲ್ ವೀಲ್ ಡ್ರೈವ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಎಡಬ್ಲ್ಯುಡಿ ಗಾಡಿ, ಬ್ರೇಕ್‌ನಲ್ಲಿ ಫೇಲ್ ಆಗಿ ಗ್ಯಾರೇಜಿಗೆ ವಾಪಸ್ ಬಂದರೆ ಮೊದಲು ಬಿಚ್ಚುವುದು ಡ್ರಮ್ಮನ್ನೇ. ಲೈನರ್ ಹೊಸದಾಗುತ್ತದೆ, ವೀಲ್ ಸಿಲಿಂಡರ್ ಹೊಸದಾಗುತ್ತದೆ, ಗಾಡಿ ಮತ್ತೆ ರೋಲರ್ ಹತ್ತುತ್ತದೆ, ಮತ್ತೆ ಹೆಚ್ಚುಕಡಿಮೆ ಅದೇ ಅಂಕಿ ಬರುತ್ತದೆ. ಇಂಥ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಚೆನ್ನಾಗಿಯೇ ಇರುತ್ತದೆ. ಅಳೆದ ರೀತಿ ತಪ್ಪಿರುತ್ತದೆ.

ರೋಲರ್ ಯಂತ್ರ ಒಂದು ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಜೋಡಿಯ) ಎರಡು ಚಕ್ರಗಳನ್ನು ಗಂಟೆಗೆ 5 ಕಿ.ಮೀ. ಆಸುಪಾಸಿನ ನಿಧಾನ ವೇಗದಲ್ಲಿ ತಿರುಗಿಸಿ, ಬ್ರೇಕ್ ಒತ್ತಿದಾಗ ಚಕ್ರ ಎಷ್ಟು ಬಲದಿಂದ ತಡೆಯುತ್ತದೆ ಎಂದು ಅಳೆಯುತ್ತದೆ. ಇನ್ನೊಂದು ಆಕ್ಸಲ್ ನೆಲದ ಮೇಲೆ ಸುಮ್ಮನೆ ನಿಂತಿರುತ್ತದೆ ಎಂಬ ನಂಬಿಕೆಯ ಮೇಲೆ ಆ ಲೆಕ್ಕ ನಿಂತಿದೆ. ನಾಲ್ಕೂ ಚಕ್ರ ಶಾಫ್ಟ್‌ಗಳಿಂದ ಬೆಸೆದುಕೊಂಡ ಗಾಡಿಯಲ್ಲಿ ಮುಂದಿನ ಚಕ್ರ ತಿರುಗಿದರೆ ಹಿಂದಿನ ಚಕ್ರವೂ ತಿರುಗಲು ನೋಡುತ್ತದೆ. ಆಗ ಗಾಡಿ ರೋಲರ್‌ನಿಂದ ಮುಂದಕ್ಕೆ ಜಿಗಿಯಬಹುದು, ಹಿಂದಿನ ಬ್ರೇಕಿನ ಬಲ ಮುಂದಿನ ಲೆಕ್ಕಕ್ಕೆ ಸೇರಬಹುದು, ಮುಂದಿನ-ಹಿಂದಿನ ಚಕ್ರಗಳನ್ನು ಬೆಸೆಯುವ ನಡುವಿನ ಕಪ್ಲಿಂಗ್ ಸುಟ್ಟುಹೋಗಲೂಬಹುದು.

ಆದ್ದರಿಂದ ಎಲ್ಲಕ್ಕೂ ಮೊದಲು ನಾಲ್ಕು ಚಕ್ರಗಳ ನಡುವಿನ ಸಂಬಂಧ ಏನು ಎಂದು ತಿಳಿಯಿರಿ. ಪರೀಕ್ಷೆಯ ವಿಧಾನ ಆಮೇಲೆ ತಾನಾಗಿ ನಿರ್ಧಾರವಾಗುತ್ತದೆ.

## ಕೈಗೆ ಬೇಕಾದ ಸಾಮಾನು

ಟೈರ್ ಗಾಳಿ ನೋಡುವ ಗೇಜ್, ಟ್ರೆಡ್ ಆಳ ಅಳೆಯುವ ಗೇಜ್, ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡಲು ನಾಲ್ಕು ಮರದ ಗುಟ್ಟೆ, ಟಾರ್ಚ್, ಸೀಮೆಸುಣ್ಣ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಓದಬಲ್ಲ ಸ್ಕ್ಯಾನರ್, ಗಾಡಿಯ ಮಾಲೀಕರ ಕೈಪಿಡಿ. ರಸ್ತೆ ಪರೀಕ್ಷೆಗಾದರೆ, ಗಾಡಿ ಎಷ್ಟು ಬೇಗ ನಿಧಾನವಾಗುತ್ತದೆ ಎಂದು ಅಳೆಯುವ ಡಿಸೆಲರೋಮೀಟರ್. ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಷ್ಟರಲ್ಲಿ ಹೆಚ್ಚಿನವರು ಬಿಟ್ಟು ಬರುವುದು ಸೀಮೆಸುಣ್ಣವನ್ನು. ಅದು ಏಕೆ ಬೇಕು ಎಂಬುದು ನಾಲ್ಕನೇ ಹಂತದಲ್ಲಿದೆ.

## ಹಂತ 1: ಗಾಡಿ ಯಾವ ಗುಂಪಿನದು?

ಹಿಂಬಾಗಿಲ ಮೇಲಿನ ಬ್ಯಾಡ್ಜ್ ನಂಬಬೇಡಿ. ಬ್ಯಾಡ್ಜ್ ಅಂಗಡಿಯಲ್ಲೂ ಸಿಗುತ್ತದೆ. ಗಾಡಿಯ ಕೆಳಗೆ ಟಾರ್ಚ್ ಹಾಕಿ. ಎಂಜಿನ್ ಅಡ್ಡಲಾಗಿ ಕೂತಿದ್ದು, ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹೋಗಿ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ (ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇದ್ದರೆ ಅದು ಆಲ್ ವೀಲ್ ಡ್ರೈವ್. ಎಂಜಿನ್ ಉದ್ದಕ್ಕೆ ಕೂತಿದ್ದರೆ ಮುಂದಿನ ಆಕ್ಸಲ್‌ಗೂ ಶಾಫ್ಟ್ ಬಂದಿದೆಯೇ ನೋಡಿ. ಆಮೇಲೆ ಒಳಗೆ ಕೂತು ಲಿವರ್ ಅಥವಾ ಗುಂಡಿಯ ಮೇಲೆ ಏನು ಬರೆದಿದೆ ಎಂದು ಓದಿ.

ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್. ಥಾರ್, ಜಿಮ್ನಿ, ಹಳೆಯ ಜಿಪ್ಸಿ, 2016ರ ನಂತರದ ಫಾರ್ಚೂನರ್ ಫೋರ್ ಬೈ ಫೋರ್ ಈ ಗುಂಪಿನವು. 2ಎಚ್ ಹಾಕಿದರೆ ಎರಡೇ ಚಕ್ರಕ್ಕೆ ಶಕ್ತಿ. ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರದ ಕೆಲಸಕ್ಕೆ ಓಡುವ ಜೀಪುಗಳಲ್ಲಿ ಬಹುಪಾಲು ಇಂಥವೇ.

ತಾನಾಗಿ ಸೇರಿಕೊಳ್ಳುವ ಕಪ್ಲಿಂಗ್. ಡಸ್ಟರ್ ಎಡಬ್ಲ್ಯುಡಿ, ಎಕ್ಸ್‌ಯುವಿ500 ಮತ್ತು 700ರ ಎಡಬ್ಲ್ಯುಡಿ, ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಕಂಪಾಸ್ ಫೋರ್ ಬೈ ಫೋರ್, ಕೋಡಿಯಾಕ್, ಟಿಗ್ವಾನ್. ಸಾಮಾನ್ಯವಾಗಿ ಮುಂದಿನ ಚಕ್ರ ಎಳೆಯುತ್ತದೆ. ಅದು ಜಾರಿತು ಎಂದು ಕಂಪ್ಯೂಟರ್‌ಗೆ ಅನಿಸಿದ ಕೂಡಲೇ ಹಿಂದಿನದೂ ಸೇರಿಕೊಳ್ಳುತ್ತದೆ. ರೋಲರ್ ಮೇಲೆ ಮುಂದಿನ ಚಕ್ರ ತಿರುಗಿ ಹಿಂದಿನದು ನಿಂತಿದ್ದರೆ ಕಂಪ್ಯೂಟರ್‌ಗೆ ಕಾಣುವುದು ಜಾರಿಕೆಯೇ.

ಸದಾಕಾಲ ನಾಲ್ಕು ಚಕ್ರ. ಲ್ಯಾಂಡ್ ಕ್ರೂಸರ್ ಪ್ರಾಡೊ, ಎಂಜಿನ್ ಉದ್ದಕ್ಕೆ ಕೂತ ಹೆಚ್ಚಿನ ಆಡಿ ಕ್ವಾಟ್ರೊಗಳು, ಹಿಂದೆ ಶೆವರ್ಲೆ ಹೆಸರಿನಲ್ಲಿ ಮಾರಾಟವಾದ ಫಾರೆಸ್ಟರ್. ಇವುಗಳಲ್ಲಿ ಎರಡು ಚಕ್ರಕ್ಕೆ ಇಳಿಸುವ ದಾರಿಯೇ ಇಲ್ಲ. ಇಲ್ಲಿ ಒಂದು ದೊಡ್ಡ ಬಲೆ ಇದೆ: 2009ರಲ್ಲಿ ನಮ್ಮಲ್ಲಿಗೆ ಬಂದ ಮೊದಲ ಫಾರ್ಚೂನರ್ ಫೋರ್ ಬೈ ಫೋರ್ ಕೂಡ ಸದಾಕಾಲ ನಾಲ್ಕು ಚಕ್ರದ್ದೇ. ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ಎಫ್‌ಸಿ ಬೇಕು, ಆ ಗಾಡಿಗಳು ಈಗ ಅದೇ ವಯಸ್ಸಿಗೆ ಬಂದಿವೆ. ‘ಫಾರ್ಚೂನರ್ ತಾನೆ, 2ಎಚ್ ಹಾಕಿ ಹತ್ತಿಸು’ ಎನ್ನುವ ಮೊದಲು ಲಿವರ್ ಮೇಲೆ 2ಎಚ್ ಇದೆಯೇ ಕಣ್ಣಾರೆ ನೋಡಿ.

ಎರಡು ಮೋಟಾರಿನ ಎಲೆಕ್ಟ್ರಿಕ್. ಇವಿ6 ಎಡಬ್ಲ್ಯುಡಿಯಂಥವು. ಮುಂದೆ-ಹಿಂದೆ ಶಾಫ್ಟ್ ಸಂಬಂಧವಿಲ್ಲ, ಹಾಗಾಗಿ ಸುಡಲು ಕಪ್ಲಿಂಗ್ ಇಲ್ಲ. ಆದರೂ ನ್ಯೂಟ್ರಲ್‌ಗೆ ಹಾಕದಿದ್ದರೆ ಮೋಟಾರಿನ ತಡೆಯೂ ಬ್ರೇಕಿನ ಅಂಕಿಗೆ ಸೇರಿಬಿಡುತ್ತದೆ.

ಇನ್ನೊಂದು ತಪಾಸಣೆ ಬಾಕಿ ಇದೆ. ಡಿಫರೆನ್ಷಿಯಲ್ ಸಾದಾ ಇದೆಯೋ, ಲಾಕ್ ಆಗುವಂಥದ್ದೋ? ಮುಂದಿನ ಚಕ್ರಗಳಿಗೆ ಎರಡೂ ಬದಿ ಗುಟ್ಟೆ ಕೊಟ್ಟು, ಹಿಂದಿನ ಆಕ್ಸಲ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ನ್ಯೂಟ್ರಲ್ ಹಾಕಿ ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ವಿರುದ್ಧ ದಿಕ್ಕಿಗೆ ಸಲೀಸಾಗಿ ತಿರುಗಿದರೆ ಸಾದಾ. ಅದೇ ದಿಕ್ಕಿಗೆ ತಿರುಗಿದರೆ, ಇಲ್ಲವೇ ಬಿಗಿಯಾಗಿ ಹಿಡಿದುಕೊಂಡರೆ ಲಿಮಿಟೆಡ್ ಸ್ಲಿಪ್ (ಎರಡು ಚಕ್ರಗಳನ್ನು ಸ್ವಲ್ಪಮಟ್ಟಿಗೆ ಬೆಸೆಯುವ ಡಿಫರೆನ್ಷಿಯಲ್) ಎಂದೇ ಭಾವಿಸಿ. ಕೆಲವು ಥಾರ್‌ಗಳ ಹಿಂದಿನ ಆಕ್ಸಲ್‌ನಲ್ಲಿ ಎಡ-ಬಲ ಚಕ್ರಗಳ ವೇಗ ಬಹಳ ಬೇರೆಯಾದಾಗ ತಾನಾಗಿ ಲಾಕ್ ಆಗುವ ವ್ಯವಸ್ಥೆ ಇದೆ. ಅದು ಕೈಯಿಂದ ತಿರುಗಿಸಿದಾಗ ಸಾದಾ ಡಿಫರೆನ್ಷಿಯಲ್‌ನಂತೆಯೇ ವರ್ತಿಸುವುದರಿಂದ ಕೈಪಿಡಿಯಲ್ಲೂ ಖಚಿತ ಮಾಡಿಕೊಳ್ಳಿ.

## ಹಂತ 2: ಪರೀಕ್ಷೆಗೆ ಮುನ್ನ ಗಾಡಿ ತಯಾರಿ

ಟೈರಿನಿಂದ ಶುರು ಮಾಡಿ. ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಗಾಳಿ ಇರಬೇಕು. ಹೊಸ ಟೈರ್ ಎರಡನ್ನು ಮಾತ್ರ ಹಾಕಿಸಿ ಬರುವವರೇ ಹೆಚ್ಚು, ಆಲ್ ವೀಲ್ ಡ್ರೈವ್‌ಗೆ ಅದೇ ಪೆಟ್ಟು. ಮುಂದೆ-ಹಿಂದೆ ಟ್ರೆಡ್‌ನಲ್ಲಿ 3 ಮಿ.ಮೀ. ವ್ಯತ್ಯಾಸ ಇದೆ ಎನ್ನಿ. ಪ್ರತಿ ಸುತ್ತಿಗೆ ಸುಮಾರು 19 ಮಿ.ಮೀ. ವ್ಯತ್ಯಾಸ. ಟೈರಿನ ಸುತ್ತಳತೆ 2.2 ಮೀಟರ್ ಹಿಡಿದರೆ ಒಂದು ಕಿಲೋಮೀಟರಿಗೆ ಎಂಟೂವರೆ ಮೀಟರ್. ಅಷ್ಟನ್ನೂ ನಡುವಿನ ಕಪ್ಲಿಂಗ್ ಉಜ್ಜಿಕೊಂಡು ನುಂಗಬೇಕು. ಹಾಗೆ ಸವೆದು ಬಿಸಿಯಾಗಿ ಬಂದ ಕಪ್ಲಿಂಗ್ ಪರೀಕ್ಷೆಯ ಹೊತ್ತಿಗೆ ಅರ್ಧ ಹಿಡಿದೇ ಇರುತ್ತದೆ.

ಚಕ್ರದ ಒಳಬದಿ ತೊಳೆಸಿ. ದಾವಣಗೆರೆ ಸುತ್ತ ಭದ್ರಾ ನಾಲೆಯ ಗದ್ದೆ ಬದಿ ಓಡಾಡುವ ಗಾಡಿಗಳಲ್ಲಿ ಎರೆಮಣ್ಣು ರಿಮ್ಮಿನ ಒಳಗೆ ಒಣಗಿ ಕಲ್ಲಾಗಿರುತ್ತದೆ, ಟೈರಿನ ಗೀರುಗಳಲ್ಲೂ ಮೆತ್ತಿಕೊಂಡಿರುತ್ತದೆ. ಅದು ರೋಲರ್ ಮೇಲೆ ಉದುರಿದರೆ ಟೈರ್ ಹಿಡಿತ ತಪ್ಪಿ, ಬ್ರೇಕ್ ಪೂರ್ತಿ ಹಿಡಿಯುವ ಮೊದಲೇ ಯಂತ್ರ ನಿಂತುಬಿಡುತ್ತದೆ. ತೊಳೆಸಿದ ಕೂಡಲೇ ಪರೀಕ್ಷೆಗೆ ಹೋಗುವುದೂ ತಪ್ಪು, ಡ್ರಮ್ ಒಳಗೆ ನೀರು ಇರುತ್ತದೆ. ನಾಲ್ಕೈದು ಕಿಲೋಮೀಟರ್ ಓಡಿಸಿ, ಹತ್ತು ಸಲ ಮೆಲ್ಲಗೆ ಬ್ರೇಕ್ ಹಿಡಿದು ಒಣಗಿಸಿ.

ಬ್ರೇಕ್ ಆಯಿಲ್ ಮಟ್ಟ, ಪ್ಯಾಡ್, ಹೋಸ್, ಸೋರಿಕೆ ನೋಡುವುದು ಎಲ್ಲ ಗಾಡಿಗೂ ಇರುವ ಕೆಲಸ. ಎಬಿಎಸ್ ದೀಪ ಉರಿಯುತ್ತಿದ್ದರೆ ಮಾತ್ರ ಅದನ್ನು ಸರಿಪಡಿಸದೆ ಹೊರಡಬೇಡಿ. ಈ ಗಾಡಿಗಳಲ್ಲಿ ಕಪ್ಲಿಂಗ್ ಯಾವಾಗ ಹಿಡಿಯಬೇಕು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುವುದು ಅದೇ ಚಕ್ರ ಸೆನ್ಸರ್‌ಗಳ ಮಾತು ಕೇಳಿ.

ಥರ್ಮಾಮೀಟರ್ ಇದ್ದರೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದೆ-ಹಿಂದೆ ಹಂಚುವ ಗೇರ್ ಪೆಟ್ಟಿಗೆ), ಕಪ್ಲಿಂಗ್, ಡಿಫರೆನ್ಷಿಯಲ್‌ಗಳ ಬಿಸಿಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಕೊನೆಗೆ, ಸದಾಕಾಲ ನಾಲ್ಕು ಚಕ್ರದ ಗಾಡಿಯಾದರೆ, ಒಂದು ಚೀಟಿ ಬರೆದು ಮುಂದಿನ ಗಾಜಿಗೆ ಅಂಟಿಸಿ: ‘ಸದಾಕಾಲ ನಾಲ್ಕು ಚಕ್ರ ಡ್ರೈವ್. 2ಎಚ್ ಇಲ್ಲ. ಸಾದಾ ರೋಲರ್‌ಗೆ ಹತ್ತಿಸಬೇಡಿ.’ ಪರೀಕ್ಷಾ ಕೇಂದ್ರದಲ್ಲಿ ಗಾಡಿಯನ್ನು ಒಳಗೆ ಒಯ್ಯುವವರು ಬೇರೆ, ನೀವು ಮಾತಾಡಿದವರು ಬೇರೆ ಆಗಿರುತ್ತಾರೆ.

## ಹಂತ 3: 2ಎಚ್ ಇರುವ ಗಾಡಿಗೆ ಸಾದಾ ರೋಲರ್

ಇದು ಸುಲಭ, ಆದರೆ ಒಂದೇ ಜಾಗದಲ್ಲಿ ಎಲ್ಲರೂ ಎಡವುತ್ತಾರೆ. ಲಿವರ್ 2ಎಚ್‌ಗೆ ತಂದ ಮಾತ್ರಕ್ಕೆ ಒಳಗಿನ ಗೇರ್ ಬಿಟ್ಟಿರುವುದಿಲ್ಲ. ಬಿಗಿ ಡಾಂಬರಿನ ಮೇಲೆ 4ಎಚ್‌ನಲ್ಲಿ ತಿರುವು ಹೊಡೆದಿದ್ದರೆ ಶಾಫ್ಟ್‌ಗಳು ತಿರುಚಿಕೊಂಡು ಗೇರ್ ಕಚ್ಚಿಕೊಂಡಿರುತ್ತದೆ.

1. 2ಎಚ್ ಹಾಕಿ, ನೇರವಾಗಿ ಹತ್ತಿಪ್ಪತ್ತು ಮೀಟರ್ ಮುಂದೆ, ಅಷ್ಟೇ ಹಿಂದೆ ಓಡಿಸಿ.
2. ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಪೂರ್ತಿ ಆರಿರಬೇಕು. ಮಿನುಗುತ್ತಿದ್ದರೆ ಇನ್ನೂ ಬಿಟ್ಟಿಲ್ಲ.
3. ಮುಂದಿನ ಆಕ್ಸಲ್ ರೋಲರ್‌ಗೆ ಇಳಿಸಿ, ನ್ಯೂಟ್ರಲ್ ಹಾಕಿ, ಎಂಜಿನ್ ಐಡಲ್‌ನಲ್ಲಿ ಇರಲಿ.
4. ಬ್ರೇಕ್ ಮುಟ್ಟದೆ ಮೊದಲು ಸುಮ್ಮನೆ ತಿರುಗುವ ತಡೆಯನ್ನು ಓದಿ. ಎಡ-ಬಲ ಎರಡೂ ಕಡಿಮೆ ಇದ್ದು, ಹತ್ತಿರ ಹತ್ತಿರ ಇರಬೇಕು.
5. ಐದಾರು ಸೆಕೆಂಡ್ ತೆಗೆದುಕೊಂಡು ಪೆಡಲ್ ಅನ್ನು ಒಂದೇ ಸಮನೆ ಒತ್ತುತ್ತ ಹೋಗಿ. ಒದೆಯಬೇಡಿ.
6. ಹಿಂದಿನ ಆಕ್ಸಲ್‌ಗೂ ಇದೇ ಕ್ರಮ, ಅದರ ಮೇಲೆಯೇ ಹ್ಯಾಂಡ್‌ಬ್ರೇಕ್.

ಎಂಜಿನ್ ಆರಿಸಿ ಪರೀಕ್ಷೆ ಮಾಡಿದರೆ ಸುರಕ್ಷಿತ ಎಂದು ಕೆಲವರು ನಂಬಿದ್ದಾರೆ. ಆರಿಸಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಒತ್ತಲು ನೆರವಾಗುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಬ್ರೇಕ್ ಬಲ ಕಡಿಮೆ ಬರುತ್ತದೆ. ಚೆನ್ನಾಗಿರುವ ಗಾಡಿ ಫೇಲ್ ಆಗುವ ಒಂದು ದಾರಿ ಇದು.

ಡಸ್ಟರ್‌ನಂತೆ ತಿರುಗುಗುಂಡಿಯಲ್ಲಿ ಎರಡು ಚಕ್ರದ ಆಯ್ಕೆ ಇರುವ ಕಪ್ಲಿಂಗ್ ಗಾಡಿಗಳನ್ನು, ಕೈಪಿಡಿ ಒಪ್ಪಿದರೆ ಮಾತ್ರ, ಹೀಗೆ ನೋಡಬಹುದು. ‘ಆಟೋ’ದಲ್ಲಿಟ್ಟು ಖಂಡಿತ ಬೇಡ.

## ಹಂತ 4: ಎದುರು ದಿಕ್ಕಿನ ರೋಲರ್ ಪರೀಕ್ಷೆ

ಸದಾಕಾಲ ನಾಲ್ಕು ಚಕ್ರದ ಗಾಡಿಯನ್ನು ರೋಲರ್ ಮೇಲೆಯೇ ನೋಡಬೇಕೆಂದರೆ ಯಂತ್ರದಲ್ಲಿ ಫೋರ್ ವೀಲ್ ಮೋಡ್ ಇರಬೇಕು. ಅದರಲ್ಲಿ ಎಡ ಚಕ್ರ ಮುಂದಕ್ಕೆ ತಿರುಗಿದರೆ ಬಲ ಚಕ್ರ ಅಷ್ಟೇ ವೇಗದಲ್ಲಿ ಹಿಂದಕ್ಕೆ ತಿರುಗುತ್ತದೆ. ಸಾದಾ ಡಿಫರೆನ್ಷಿಯಲ್‌ನಲ್ಲಿ ಒಂದು ಕಡೆಯ ಮುಂದು ಇನ್ನೊಂದು ಕಡೆಯ ಹಿಂದಿಗೆ ವಜಾ ಆಗಿ ಪ್ರೊಪೆಲ್ಲರ್ ಶಾಫ್ಟ್ ಅಲ್ಲಾಡದೆ ನಿಲ್ಲುತ್ತದೆ. ಶಾಫ್ಟ್ ನಿಂತರೆ ಕಪ್ಲಿಂಗ್‌ಗೆ ಕೆಲಸವೇ ಇಲ್ಲ.

ಸೀಮೆಸುಣ್ಣ ಈಗ ಬೇಕು. ಗಾಡಿಯ ಕೆಳಗಿನ ತಪಾಸಣೆ ಗುಂಡಿಗೆ ಇಳಿದು, ರೋಲರ್ ನಿಂತಿರುವಾಗಲೇ, ಶಾಫ್ಟಿನ ಫ್ಲಾಂಜ್ (ತುದಿಯ ಬಿಲ್ಲೆ) ಮೇಲಿನ ಎಣ್ಣೆ ಒರೆಸಿ, ಬೆರಳಗಲ ಉದ್ದದ ಬಿಳಿ ಗೆರೆ ಎಳೆಯಿರಿ. ಅದಕ್ಕೆ ನೇರವಾಗಿ ಪಕ್ಕದ ಹೌಸಿಂಗ್ ಮೇಲೆ ಇನ್ನೊಂದು ಗೆರೆ. ಗುಂಡಿಯಿಂದ ಮೇಲೆ ಬಂದು, ದೂರದಿಂದ ಟಾರ್ಚ್ ಹಾಕಿ ಆ ಗೆರೆಗಳನ್ನು ನೋಡಲು ಒಬ್ಬರನ್ನು ನಿಲ್ಲಿಸಿ. ರೋಲರ್ ಶುರುವಾದಾಗ ಗೆರೆ ಒಂದೆರಡು ಬೆರಳು ಅತ್ತಿತ್ತ ಆಡಿ ಸುಮ್ಮನಾದರೆ ಸರಿ, ಅದು ಗೇರಿನ ಸಡಿಲ. ಗೆರೆ ಒಂದೇ ದಿಕ್ಕಿಗೆ ಸಾಗುತ್ತಲೇ ಇದ್ದರೆ ಅಲ್ಲೇ ನಿಲ್ಲಿಸಿ. ಎಡ-ಬಲ ಟೈರ್ ಅಳತೆ ಬೇರೆ ಇರಬೇಕು, ಇಲ್ಲವೇ ಡಿಫರೆನ್ಷಿಯಲ್ ಸಾದಾ ಅಲ್ಲ.

ಕ್ರಮ ಹೀಗೆ:

1. ಯಂತ್ರದಲ್ಲಿ ಫೋರ್ ವೀಲ್ ಮೋಡ್ ಆರಿಸಿ, ನ್ಯೂಟ್ರಲ್, ಎಂಜಿನ್ ಐಡಲ್.
2. ಎಡ ಚಕ್ರ ಮುಂದಕ್ಕೆ ತಿರುಗುವಾಗ ನಿಧಾನವಾಗಿ ಬ್ರೇಕ್ ಒತ್ತಿ, ಎಡ ಚಕ್ರದ ಅಂಕಿ ಮಾತ್ರ ಬರೆದುಕೊಳ್ಳಿ.
3. ದಿಕ್ಕು ಬದಲಿಸಿ, ಪೆಡಲ್ ಮೇಲೆ ಅಷ್ಟೇ ಒತ್ತಡದಿಂದ ಬಲ ಚಕ್ರದ ಅಂಕಿ.
4. ಇನ್ನೊಂದು ಆಕ್ಸಲ್‌ಗೂ ಹೀಗೆಯೇ.

ಹಿಂದಕ್ಕೆ ತಿರುಗುವ ಚಕ್ರದ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಡ್ರಮ್ ಬ್ರೇಕಿನಲ್ಲಿ ಮುಂದಕ್ಕೆ ತಿರುಗುವಾಗ ಒಂದು ಶೂ ಡ್ರಮ್ಮಿನ ಜತೆ ತಾನೇ ಎಳೆದುಕೊಂಡು ಬಿಗಿಯಾಗುತ್ತದೆ. ಹಿಂದಕ್ಕೆ ತಿರುಗಿದರೆ ಆ ಕೆಲಸ ಇನ್ನೊಂದು ಶೂ ಪಾಲಿಗೆ ಬರುತ್ತದೆ, ಅದರ ಸವೆತವೇ ಬೇರೆ. ಎರಡು ದಿಕ್ಕಿನ ಅಂಕಿ ಹೋಲಿಸಿ ‘ಬ್ರೇಕ್ ಒಂದು ಕಡೆ ಕಡಿಮೆ’ ಎಂದು ಬರೆಯುವ ತಪ್ಪು ಬಹಳ ಆಗುತ್ತದೆ.

ಬ್ರೇಕ್ ಗಟ್ಟಿಯಾಗಿ ಒದೆದರೆ ಒಂದು ಚಕ್ರ ಮೊದಲು ಲಾಕ್ ಆಗುತ್ತದೆ. ಆ ಕ್ಷಣ ಎರಡೂ ಕಡೆಯ ಸಮ ತಪ್ಪಿ ಶಾಫ್ಟ್ ಝಾಡಿಸಿ ತಿರುಗುತ್ತದೆ. ನಿಧಾನವಾಗಿ ಒತ್ತಿ ಎನ್ನುವುದು ಅದಕ್ಕೇ. ಲಿಮಿಟೆಡ್ ಸ್ಲಿಪ್ ಅಥವಾ ಲಾಕ್ ಆಗುವ ಡಿಫರೆನ್ಷಿಯಲ್ ಇದ್ದರೆ ಈ ವಿಧಾನ ಬಿಟ್ಟೇ ಬಿಡಿ.

## ಹಂತ 5: ಪ್ಲೇಟ್ ಯಂತ್ರ

ನೆಲದಲ್ಲಿ ಕೂರಿಸಿದ ನಾಲ್ಕು ತಗಡುಗಳ ಮೇಲೆ ಗಾಡಿ ಓಡಿಸಿ ಬ್ರೇಕ್ ಹಿಡಿಯುವ ಯಂತ್ರ ಇದು. ನಾಲ್ಕೂ ಚಕ್ರ ಒಂದೇ ವೇಗದಲ್ಲಿ ಉರುಳುವುದರಿಂದ ಆಲ್ ವೀಲ್ ಡ್ರೈವ್‌ಗೆ ಯಾವ ಅಪಾಯವೂ ಇಲ್ಲ. ಸಿಕ್ಕರೆ ಇದನ್ನೇ ಆರಿಸಿ. ಗಂಟೆಗೆ 5ರಿಂದ 10 ಕಿ.ಮೀ. ವೇಗದಲ್ಲಿ ನೇರ ಬಂದು, ತಗಡಿಗೆ ಮುಂಚೆಯೇ ನ್ಯೂಟ್ರಲ್ ಮಾಡಿ, ನಾಲ್ಕೂ ಚಕ್ರ ತಗಡಿನ ಮೇಲೆ ಬಂದ ಮೇಲೆ ಒಂದೇ ಸಮನೆ ಒತ್ತಿ ನಿಲ್ಲಿಸಿ. ಅಂಚಿನಲ್ಲೇ ಬ್ರೇಕ್ ಹಿಡಿದರೆ ಹಿಂದಿನ ಚಕ್ರಗಳ ಅಂಕಿ ಸೊನ್ನೆ ಹತ್ತಿರ ಬರುತ್ತದೆ.

## ಹಂತ 6: ಡಿಸೆಲರೋಮೀಟರ್ ಇಟ್ಟು ರಸ್ತೆ ಪರೀಕ್ಷೆ

ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಸದಾಕಾಲ ನಾಲ್ಕು ಚಕ್ರದ ಗಾಡಿಗಳಿಗೆ ಈ ದಾರಿಯೇ ರೂಢಿ. ಇಲ್ಲಿ ಯಂತ್ರಕ್ಕಿಂತ ಜಾಗದ ಆಯ್ಕೆ ಮುಖ್ಯ.

ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆ ಬೇಡವೇ ಬೇಡ. ಹಿಂದಿನ ಲಾರಿಯವರಿಗೆ ನೀವು ಪರೀಕ್ಷೆ ಮಾಡುತ್ತಿದ್ದೀರಿ ಎಂದು ಗೊತ್ತಿರುವುದಿಲ್ಲ. ಮಟ್ಟಸವಾದ, ಒಣಗಿದ, ಕನಿಷ್ಠ 100 ಮೀಟರ್ ನೇರ ಇರುವ, ಜನ-ದನ ಓಡಾಡದ ಖಾಸಗಿ ಅಂಗಳ ಹುಡುಕಿ, ಅನುಮತಿ ಪಡೆಯಿರಿ. ದಾವಣಗೆರೆ ಕಡೆ ಗೋದಾಮು, ಮಾರುಕಟ್ಟೆಗಳ ಕಾಂಕ್ರೀಟ್ ಅಂಗಳ ನೋಡಲು ಚಂದ, ಆದರೆ ಚೆಲ್ಲಿದ ಮೆಕ್ಕೆಜೋಳದ ಕಾಳು ಟೈರ್ ಕೆಳಗೆ ಗೋಲಿಯಂತೆ ಉರುಳುತ್ತದೆ. ಗುಡಿಸಿಯೇ ಶುರು ಮಾಡಿ. ಚಿತ್ರದುರ್ಗದ ಕಡೆ ಕ್ರಷರ್ ರಸ್ತೆಗಳ ಜಲ್ಲಿ ಪುಡಿಯೂ ಹೀಗೆಯೇ ಮೋಸ ಮಾಡುತ್ತದೆ.

1. ಮೀಟರನ್ನು ಮುಂದಿನ ಸೀಟಿನ ಮುಂದಿನ ನೆಲದ ಮೇಲೆ, ಬಾಣದ ಗುರುತು ಗಾಡಿಯ ಮುಂದಕ್ಕೆ ಇರುವಂತೆ, ಅಲುಗಾಡದಂತೆ ಇಡಿ. ಮೆತ್ತನೆ ಮ್ಯಾಟ್ ತೆಗೆದುಬಿಡಿ.
2. ಮಟ್ಟ ಜಾಗದಲ್ಲಿ ನಿಂತು ಸೊನ್ನೆ ಮಾಡಿ.
3. ಗಂಟೆಗೆ 30 ಕಿ.ಮೀ. ವೇಗಕ್ಕೆ ಬಂದು, ಕ್ಲಚ್ ಒತ್ತಿ ಅಥವಾ ನ್ಯೂಟ್ರಲ್ ಮಾಡಿ, ಪೆಡಲ್ ಮೇಲೆ ಒತ್ತಡ ಹೆಚ್ಚಿಸುತ್ತ ಪೂರ್ತಿ ನಿಲ್ಲಿಸಿ.
4. ಎರಡೂ ದಿಕ್ಕಿನಲ್ಲಿ ಕನಿಷ್ಠ ಎರಡೆರಡು ಸಲ ಮಾಡಿ, ಹೋಲಿಸಿ. ನಡುವೆ ಬ್ರೇಕ್ ಆರಲು ಬಿಡಿ.
5. ಸ್ಟಿಯರಿಂಗ್ ಸಡಿಲವಾಗಿ ಹಿಡಿದು, ಗಾಡಿ ಯಾವ ಕಡೆ ಎಳೆಯುತ್ತದೆ ಎಂದು ಗಮನಿಸಿ. ಒಂದೊಂದು ಚಕ್ರದ ಅಂಕಿ ಈ ಮೀಟರ್ ಕೊಡುವುದಿಲ್ಲ, ಹಾಗಾಗಿ ಎಳೆತವೇ ಎಡ-ಬಲ ವ್ಯತ್ಯಾಸದ ಸಾಕ್ಷಿ.

ಮೀಟರ್ ಇಲ್ಲದಿದ್ದರೆ ಗ್ಯಾರೇಜಿನ ಅಂದಾಜಿಗೆ ನಿಲ್ಲುವ ದೂರ ಅಳೆಯಿರಿ. 30 ಕಿ.ಮೀ. ವೇಗದಲ್ಲಿ ಬ್ರೇಕ್ ಪೂರ್ತಿ ಹಿಡಿದ ಜಾಗದಿಂದ 58% ದಕ್ಷತೆಗೆ (ದಕ್ಷತೆಯ ಲೆಕ್ಕ ಹಂತ 8ರಲ್ಲಿದೆ) ಸುಮಾರು 6.1 ಮೀಟರ್, 50%ಗೆ 7.1, 40%ಗೆ 8.8 ಮೀಟರ್. ಇದು ಪ್ರಮಾಣಪತ್ರಕ್ಕೆ ಸಾಲದು, ಗಾಡಿಯನ್ನು ಕಳಿಸಬೇಕೋ ಬಿಚ್ಚಬೇಕೋ ಎಂದು ತೀರ್ಮಾನಿಸಲು ಸಾಕು.

## ಹಂತ 7: ಹ್ಯಾಂಡ್‌ಬ್ರೇಕ್

ರಸ್ತೆಯಲ್ಲಾದರೆ ವೇಗ 20 ಕಿ.ಮೀ. ದಾಟಬಾರದು. ಗುಂಡಿ ಒತ್ತಿಹಿಡಿದು ಲಿವರನ್ನು ಮೆಲ್ಲಗೆ ಎಳೆಯಿರಿ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರೆ ಕೈಪಿಡಿಯಲ್ಲಿ ಬ್ರೇಕ್ ಪರೀಕ್ಷೆಯ ಮೋಡ್ ಇದೆಯೇ ಹುಡುಕಿ, ಇಲ್ಲದಿದ್ದರೆ ಅದು ಒಮ್ಮೆಗೇ ಕಚ್ಚಿ ಗಾಡಿಯನ್ನು ರೋಲರ್‌ನಿಂದ ಎತ್ತಿ ಹಾಕುತ್ತದೆ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಪ್ರೊಪೆಲ್ಲರ್ ಶಾಫ್ಟ್ ಮೇಲಿದೆ. ಅದನ್ನು ಓಡುವ ಗಾಡಿಯಲ್ಲಾಗಲಿ ರೋಲರ್ ಮೇಲಾಗಲಿ ಎಳೆಯಬೇಡಿ, ಶಾಫ್ಟ್ ಮುರಿಯಬಹುದು.

## ಹಂತ 8: ಅಂಕಿ ಓದುವುದು

ನಾಲ್ಕೂ ಚಕ್ರದ ಬ್ರೇಕ್ ಬಲ ಕೂಡಿ, ಗಾಡಿಯ ತೂಕದಿಂದ ಭಾಗಿಸಿ, 100ರಿಂದ ಗುಣಿಸಿದರೆ ದಕ್ಷತೆ. 1,500 ಕಿಲೋ ಗಾಡಿಯಲ್ಲಿ ಮುಂದೆ 260 ಮತ್ತು 250, ಹಿಂದೆ 150 ಮತ್ತು 140 ಕಿಲೋ ಬಲ ಬಂದರೆ ಒಟ್ಟು 800, ದಕ್ಷತೆ 53%. ಎಡ-ಬಲ ವ್ಯತ್ಯಾಸಕ್ಕೆ ದೊಡ್ಡದರಿಂದ ಚಿಕ್ಕದನ್ನು ಕಳೆದು ದೊಡ್ಡದರಿಂದ ಭಾಗಿಸಿ. ಹಿಂದೆ 150 ಮತ್ತು 95 ಬಂದಿದ್ದರೆ ವ್ಯತ್ಯಾಸ 37%.

ಐರೋಪ್ಯ ಒಕ್ಕೂಟದ 2014ರ ತಪಾಸಣಾ ನಿರ್ದೇಶನದಲ್ಲಿ ಕಾರುಗಳಿಗೆ ಹೊಸದಕ್ಕೆ 58%, ಹಳೆಯದಕ್ಕೆ 50%, ಹ್ಯಾಂಡ್‌ಬ್ರೇಕಿಗೆ 16% ಎಂದಿದೆ. ಒಂದೇ ಆಕ್ಸಲ್‌ನ ವ್ಯತ್ಯಾಸ 30% ದಾಟಿದರೆ ದೊಡ್ಡ ದೋಷ. ಗ್ಯಾರೇಜಿನಲ್ಲಿ ಇದನ್ನು ಅಳತೆಗೋಲು ಮಾಡಿಕೊಳ್ಳಿ. ಪಾಸೋ ಫೇಲೋ ಎಂಬುದನ್ನು ಪರೀಕ್ಷಾ ಕೇಂದ್ರದ ಯಂತ್ರದಲ್ಲಿ ತುಂಬಿರುವ ಮಿತಿಯೇ ತೀರ್ಮಾನಿಸುತ್ತದೆ.

ಬ್ರೇಕ್ ಮುಟ್ಟದೆ ತಿರುಗುವಾಗಲೇ ತಡೆ ಹೆಚ್ಚಿದ್ದು, ಎಡ-ಬಲ ಸಮವಾಗಿದ್ದರೆ ಅದು ಹೆಚ್ಚಾಗಿ ಕ್ಯಾಲಿಪರ್ (ಡಿಸ್ಕ್ ಬ್ರೇಕಿನ ಪ್ಯಾಡ್ ಒತ್ತುವ ಭಾಗ) ಜಾಮ್ ಅಲ್ಲ, ಶಾಫ್ಟ್ ಎಳೆಯುತ್ತಿರಬಹುದು. ಒಂದೇ ಕಡೆ ಹೆಚ್ಚಿದ್ದರೆ ಕ್ಯಾಲಿಪರ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಎಡ-ಬಲ ಎಂದೂ ಹೊಂದದ ಗಾಡಿಯಲ್ಲಿ ಇದ್ದಕ್ಕಿದ್ದಂತೆ ಎರಡೂ ಅಂಕಿ ಒಂದೇ ಬಂದರೂ ಸಂಶಯಪಡಿ. ಲಿಮಿಟೆಡ್ ಸ್ಲಿಪ್ ಎರಡು ಚಕ್ರಗಳನ್ನು ಬೆಸೆದು ದೋಷ ಮುಚ್ಚಿರಬಹುದು.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

- ನೆಲದ ಮೇಲಿನ ಚಕ್ರಗಳು ಮಿಡಿಯುವುದು, ಗಾಡಿ ಮುಂದಕ್ಕೆ ಏರುವುದು
- ನಡುವಿನಿಂದ ‘ಟಕ್ ಟಕ್’ ಹೊಡೆತ ಅಥವಾ ಗರಗರ ಸದ್ದು
- ಸುಟ್ಟ ಎಣ್ಣೆಯ ವಾಸನೆ
- ಡ್ಯಾಶ್‌ಬೋರ್ಡಿನಲ್ಲಿ ಎಡಬ್ಲ್ಯುಡಿ ಬಿಸಿಯಾಗಿದೆ ಎಂಬ ಎಚ್ಚರಿಕೆ

ಗಾಡಿ ಏರತೊಡಗಿದರೆ ಬ್ರೇಕ್ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ, ಯಂತ್ರದ ಕೆಂಪು ಗುಂಡಿ ಒತ್ತಿಸಿ. ಗಾಬರಿಯಲ್ಲಿ ಬ್ರೇಕ್ ಇನ್ನೂ ಗಟ್ಟಿ ಒತ್ತಿದರೆ ರೋಲರ್ ಗಾಡಿಯನ್ನು ಹೊರಗೆ ಎಸೆಯುತ್ತದೆ. ಪರೀಕ್ಷೆ ನಡೆಯುವಷ್ಟು ಹೊತ್ತು ಗಾಡಿಯ ಮುಂದೆ, ಹಿಂದೆ, ಗುಂಡಿಯಲ್ಲಿ ಯಾರೂ ಇರಕೂಡದು.

## ಪರೀಕ್ಷೆ ಮುಗಿದ ಮೇಲೆ

ರೋಲರ್ ಬ್ರೇಕ್ ಬಿದ್ದ ಮೇಲೆ ಅಥವಾ ಲಿಫ್ಟ್ ಎದ್ದ ಮೇಲೆ ಮಾತ್ರ ಮೆಲ್ಲಗೆ ಹೊರಗೆ ಬನ್ನಿ. ಎಬಿಎಸ್ ದೀಪ ಉರಿದಿದ್ದರೆ ಹೆದರಬೇಡಿ. ಒಂದು ಆಕ್ಸಲ್ ಮಾತ್ರ ತಿರುಗಿದ್ದನ್ನು ಕಂಪ್ಯೂಟರ್ ದೋಷ ಎಂದು ಬರೆದುಕೊಂಡಿರುತ್ತದೆ. ಒಂದು ಕಿಲೋಮೀಟರ್ ಓಡಿಸಿದರೂ ಆರದಿದ್ದರೆ ಸ್ಕ್ಯಾನರ್ ಹಾಕಿ, ಕೋಡ್ ಬರೆದುಕೊಂಡ ಮೇಲೆ ಅಳಿಸಿ.

ಟ್ರಾನ್ಸ್‌ಫರ್ ಕೇಸ್, ಹಿಂದಿನ ಕಪ್ಲಿಂಗ್ ಮತ್ತು ಡಿಫರೆನ್ಷಿಯಲ್ ಮೇಲೆ ಥರ್ಮಾಮೀಟರ್ ಹಿಡಿಯಿರಿ. ಪರೀಕ್ಷೆಗೆ ಮುಂಚಿನ ಅಂಕಿಗಿಂತ ಬಹಳ ಏರಿದ್ದರೆ, ಅಥವಾ ಸೀಲ್ ಸುತ್ತ ಹೊಸ ಎಣ್ಣೆ ಒಸರಿದ್ದರೆ, ಆ ಎಣ್ಣೆ ಇಳಿಸಿ ನೋಡಿ: ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಿಸಿ. ಆಮೇಲೆ ಖಾಲಿ ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎರಡು ಸುತ್ತು ಹೊಡೆಯಿರಿ. ಗಾಡಿ ತಡೆತಡೆದು, ಬ್ರೇಕ್ ಹಿಡಿದಂತೆ ಸಾಗಿದರೆ ಕಪ್ಲಿಂಗ್ ಬಿಡುತ್ತಿಲ್ಲ. ಅಂಥ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗಬೇಡಿ, ಅದೂ ಸಾದಾ ರೋಲರ್ ಮಾಡುವಷ್ಟೇ ಹಾನಿ ಮಾಡುತ್ತದೆ. ನಾಲ್ಕೂ ಚಕ್ರ ಮೇಲೆ ಬರುವಂತೆ ಫ್ಲಾಟ್‌ಬೆಡ್ ಲಾರಿ ತರಿಸಿ.